ಅಳತೆಗೂ ಮುಂಚೆ

ನವೆಂಬರ್ ೧೪, ಗುರುವಾರ.

ಇವತ್ತು ಗ್ರಂಥಾಲಯದಲ್ಲಿ ರಿಪೇರಿಗೆ ಬಂದದ್ದು ಹಳೆಯ ಕಾಲದ ವೈದ್ಯನೊಬ್ಬನ ಟಿಪ್ಪಣಿ ಪುಸ್ತಕ. ಕಪ್ಪು ಜನರ ತಲೆಬುರುಡೆಗಳನ್ನು ಅಳೆದು, ಅವರು ಕೀಳೆಂದು ಸಾಧಿಸಹೊರಟವನು. ಹೊಲಿಗೆ ಬಿಚ್ಚುವಾಗ ತಾರೀಖುಗಳು ಕಂಡವು: ತೀರ್ಮಾನ ಬರೆದದ್ದು ಮಾರ್ಚಿನಲ್ಲಿ, ಅಳತೆ ಶುರುವಾದದ್ದು ಅದೇ ವರ್ಷದ ಜೂನ್‌ನಲ್ಲಿ.

ಸಂಜೆ ಕೆಳಮನೆಯ ಮೇಷ್ಟ್ರು ಮನೆ ಮಾಲೀಕರಿಗೆ ಬರೆದ ದೂರಿನ ಕಾಗದ ತಂದರು. ಮೇಲಿನ ಮನೆಗೆ ಬರಲಿರುವ ಕಪ್ಪು ನರ್ಸ್ ವಿಪರೀತ ಗಲಾಟೆಯವಳಂತೆ, ಮನೆ ಕೊಡಬಾರದಂತೆ.

“ಅವಳು ಬರೋದೇ ಸೋಮವಾರ ಅಲ್ವಾ, ಮೇಷ್ಟ್ರೇ?”

“ಬಂದ್ಮೇಲೆ ಗೊತ್ತಾಗೋಕೆ ಏನಿದೆಯಮ್ಮಾ? ನಿಮ್ಮ ಸಹಿಯೊಂದೇ ಬಾಕಿ. ಗೀಚಿ ಕೈ ತೊಳ್ಕೊಳ್ಳಿ.”

ಒಲ್ಲೆ ಎನ್ನಲಿಲ್ಲ ನಾನು, ನಾಳೆ ಕೊಡುತ್ತೇನೆಂದೆ. ಕಾಗದ ಮೇಜಿನ ಮೇಲಿದೆ. ಹನ್ನೊಂದು ಸಹಿಗಳ ಕೆಳಗೆ ನನ್ನ ಹೆಸರನ್ನೂ ಮೇಷ್ಟ್ರು ಆಗಲೇ ದುಂಡಗೆ ಬರೆದಿಟ್ಟಿದ್ದಾರೆ. ಅದನ್ನು ಹೊಡೆದುಹಾಕಲೆಂದು ಪೆನ್ನೆತ್ತಿಕೊಂಡವಳು, ಇಷ್ಟು ಹೊತ್ತೂ ಈ ದಿನಚರಿ ಬರೆಯುತ್ತ ಕೂತಿದ್ದೇನೆ.