ಅಕ್ಕಿಯಲ್ಲ ದೊಡ್ಡವ್ವ, ಹಕ್ಕಿ

ನನ್ನ ಮುದ್ದಿನ ದೊಡ್ಡವ್ವನಿಗೆ,

ನಿನ್ನ ಮಧುಶ್ರೀ ಮೈಸೂರಿನ ಹಾಸ್ಟೆಲಿನಿಂದ ಬರೆಯುತ್ತಿದ್ದಾಳೆ. ಫೋನ್ ಇರುವಾಗ ಈ ಹುಡುಗಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಕಾರಣ ಇದೆ. ಹೋದ ವರ್ಷ ಫೋನಿನಲ್ಲಿ ಹೇಳಿ ಏನಾಯಿತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು, ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕಂತೂ ವರ್ಷವಿಡೀ ನಗುವುದಕ್ಕಾಯಿತು. ಕಾಗದದಲ್ಲಾದರೆ ‘ಹ’ ಎಂದು ಬರೆದದ್ದು ‘ಹ’ ಆಗಿಯೇ ಉಳಿಯುತ್ತದೆ. ಆದರೆ ಇದನ್ನು ನಿನಗೆ ಓದಿ ಹೇಳುವವಳು ಪಕ್ಕದ ಮನೆಯ ಐಶ್ವರ್ಯ ತಾನೆ? ಅವಳ ಬಾಯೂ ನಮ್ಮೂರಿನದೇ. ಅದಕ್ಕೇ ಈ ಕಾಗದದ ಮೇಲ್ಗಡೆ ಒಂದು ಚಿತ್ರ ಬರೆದಿದ್ದೇನೆ. ಎರಡು ರೆಕ್ಕೆ, ಒಂದು ಕೊಕ್ಕು. ಬೇಕೆಂದೇ ದೊಡ್ಡದಾಗಿ ಬರೆದಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಈ ಸಲವೂ ವಿಜ್ಞಾನ ಹಬ್ಬ ಇದೆ, ಜನವರಿಯ ಕೊನೆಯ ಶನಿವಾರ ಮತ್ತು ಭಾನುವಾರ. ಶನಿವಾರ ಸಂಜೆ ಮೈದಾನದಲ್ಲಿ ದೊಡ್ಡ ದುರ್ಬೀನು ಇಟ್ಟು ಚಂದ್ರನ ಮೈಮೇಲಿನ ಗುಂಡಿಗಳನ್ನು ತೋರಿಸುತ್ತಾರೆ. ಹಾವುಗಳ ಬಗ್ಗೆ ಮಾತಾಡುವವರು ಬರುತ್ತಾರೆ, ಕಾಡಿನ ಸೊಪ್ಪು ಗೆಡ್ಡೆಗಳನ್ನು ಜೋಡಿಸಿಟ್ಟಿರುತ್ತಾರೆ. ಭಾನುವಾರ ಹೊತ್ತಾರೆ ಕೆರೆ ಏರಿಯ ಮೇಲೆ ಹಕ್ಕಿ ನೋಡುವುದು. ಅದಾದ ಮೇಲೆ ಶಾಮಿಯಾನದ ಕೆಳಗೆ ಬಿಪಿ, ಶುಗರ್, ಕಣ್ಣು ಎಲ್ಲದರ ತಪಾಸಣೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಜನ ಬರುತ್ತಾರೆ. ಕೆ.ಆರ್. ನಗರದ ಕಡೆಯಿಂದ ನೀನು ಬರಬೇಕು.

‘ನಾ ಬರಾಕಿಲ್ಲ ಕಣ್ ಮಗ, ಓದ್ಸಲ ಮಾನ ಕಳ್ಕಂಡಿದ್ದೇ ಸಾಕು’ ಅನ್ನುತ್ತೀಯ. ಯಾವ ಮಾನ ಹೋಯಿತು ದೊಡ್ಡವ್ವ? ಹಾಸ್ಟೆಲಿಗೆ ಬಂದ ಮೇಲೆ ನಾನು ‘ಹ’ಕಾರವನ್ನು ಕಷ್ಟಪಟ್ಟು ಕಲಿತವಳು. ಆದರೆ ನಿನ್ನ ಹತ್ತಿರ ಮಾತಾಡುವಾಗ ನಾಲಿಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಹೋದ ವರ್ಷ ಫೋನಿನಲ್ಲೂ ಹಾಗೇ, ‘ಭಾನ್ವಾರ ಬಾ ದೊಡ್ಡವ್ವ, ಎಲ್ಲಾರೂ ಸೇರಿ ಅಕ್ಕಿ ನೋಡ್ತೀವಿ, ಬಿಳೀವು, ಕೆಂಪುವು, ದೂರ ದೇಶದವೂ ಇರ್ತವೆ’ ಅಂದೆ. ನೀನು ‘ನಮ್ದೂ ತರ್ಲಾ?’ ಎಂದು ಕೇಳಿದೆ. ಎಲ್ಲಿ ನಿನ್ನ ಕೋಳಿಗಳನ್ನು ಹೊತ್ತು ತರುತ್ತೀಯೋ ಎಂದು ನಾನು ನಕ್ಕುಬಿಟ್ಟೆ.

ಆ ಭಾನುವಾರ ಮಂಜು ಇನ್ನೂ ಕರಗಿರಲಿಲ್ಲ. ನೀನು ಹಬ್ಬದ ಸೀರೆ ಉಟ್ಟು, ಸೊಂಟದ ಮೇಲೆ ಚೀಲ ಇಟ್ಟುಕೊಂಡು ಏರಿ ಹತ್ತಿ ಬಂದೆ. ನಮ್ಮ ಬಸವಪ್ರಸಾದ್ ಸರ್ ಪಾಪ, ಹಕ್ಕಿ ಎಂದರೆ ಪ್ರಾಣ ಬಿಡುವವರು. ‘ಬನ್ನಿ ತಾಯಿ, ಹಕ್ಕಿ ನೋಡೋಕೆ ಬಂದ್ರಾ?’ ಎಂದರು. ‘ನೋಡಾಕಲ್ಲ ಸ್ವಾಮಿ, ತೋರ್ಸಾಕೆ. ಇಲ್ಲೇ ಅದೆ, ಚೀಲ್ದಲ್ಲಿ’ ಎಂದೆ ನೀನು. ಅವರ ಮುಖ ಬಿಳಿಚಿಕೊಂಡಿತು. ‘ಅಯ್ಯೋ, ಚೀಲದೊಳಗೆ ತುಂಬಿದ್ದೀರಾ? ಉಸಿರಾಡೋದು ಬೇಡ್ವೇನಮ್ಮಾ?’ ಅಂದರು. ನೀನು ಅವರನ್ನೇ ಕನಿಕರದಿಂದ ನೋಡಿ, ‘ಬಾಯಿ ಸಡ್ಲ ಕಟ್ಟಿವ್ನಿ, ಮುಗ್ಗಲು ಬರಾಕಿಲ್ಲ. ಕುಕ್ಕರ್‌ಗೆ ಮಾತ್ರ ಆಕ್ಬ್ಯಾಡಿ, ಪಾತ್ರೇಲಿ ಬೇಯ್ಸಿ ಗಂಜಿ ಬಸೀರಿ’ ಎಂದೆ. ಸರ್ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಓಡಿ ಬಂದು ಚೀಲ ಬಿಚ್ಚಿದರೆ ರಾಜಮುಡಿ ಅಕ್ಕಿ, ಕೆಂಪಗೆ, ಘಮ್ಮೆಂದು.

ಎಲ್ಲರೂ ನಕ್ಕೆವು, ನಿಜ. ನೀನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್. ಅವತ್ತು ಮಧ್ಯಾಹ್ನ ಮೆಸ್ಸಿನಲ್ಲಿ ಆ ಅಕ್ಕಿಯನ್ನೇ ಬೇಯಿಸಿ, ಬಸ್ಸಾರಿನ ಜೊತೆ ಬಡಿಸಿದರಲ್ಲ, ಅವರು ಮೂರು ಸಲ ಹಾಕಿಸಿಕೊಂಡರು. ಅಂದಿನಿಂದ ನಮ್ಮ ವಿಭಾಗದಲ್ಲಿ ಕೆರೆಗೆ ಹೋಗುವುದಕ್ಕೆ ‘ಅಕ್ಕಿ ನಡಿಗೆ’ ಎಂದೇ ಹೆಸರು. ಈ ವರ್ಷದ ಆಮಂತ್ರಣದಲ್ಲಂತೂ ‘ಹಕ್ಕಿ ನೋಡಿದವರಿಗೆ ರಾಜಮುಡಿ ಅನ್ನದ ಊಟ’ ಎಂದು ಅಚ್ಚು ಹಾಕಿಸಿಬಿಟ್ಟಿದ್ದಾರೆ. ನನ್ನನ್ನು ಕಂಡಾಗಲೆಲ್ಲ ‘ನಿಮ್ಮ ದೊಡ್ಡವ್ವ ಬರ್ತಾರೆ ತಾನೆ?’ ಎಂದು ಕೇಳುತ್ತಾರೆ. ನೀನು ಬರದಿದ್ದರೆ ಊಟಕ್ಕೆ ಬಂದವರ ಮುಂದೆ ನಾವೇನು ಮಾಡೋಣ ಹೇಳು.

ಇಷ್ಟು ನಗಿಸಿದ್ದು ಸಾಕು. ಈಗ ಆ ದೊಡ್ಡ ಚಿತ್ರದ ವಿಷಯಕ್ಕೆ ಬರುತ್ತೇನೆ.

ಅವತ್ತು ಸರ್ ತಮ್ಮ ಕೊರಳಿನ ಬೈನಾಕ್ಯುಲರ್ ತೆಗೆದು ನಿನ್ನ ಕೈಗೆ ಕೊಟ್ಟರು, ನೆನಪಿದೆಯಾ? ನೀನು ಅದನ್ನು ಕಣ್ಣಿಗೆ ಹಿಡಿದು, ಕೆರೆಯ ಕಡೆ ತಿರುಗಿ, ‘ಚೆನ್ನಾಗವೆ ಕಣ್ ಸ್ವಾಮಿ’ ಎಂದು ವಾಪಸು ಕೊಟ್ಟೆ. ಅದರ ಮುಚ್ಚಳ ತೆಗೆದಿರಲೇ ಇಲ್ಲ ದೊಡ್ಡವ್ವ. ಆಗ ನನಗೆ ಅದೂ ನಗುವ ಮಾತೇ ಆಗಿತ್ತು. ಈ ದೀಪಾವಳಿಗೆ ಊರಿಗೆ ಬಂದಾಗ ನೀನು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಕಣ್ಣು ಎಲ್ಲೋ ಇತ್ತು, ಬೆರಳು ಕಲ್ಲು ಹುಡುಕುತ್ತಿತ್ತು. ಹಗಲು ಹೊತ್ತು, ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ‘ಯಾರವ್ವ ಅದು?’ ಎಂದು ಕೇಳಿದೆ. ನನ್ನನ್ನು ಸಾಕಿ ಬೆಳೆಸಿದವಳು ನೀನು. ಅವತ್ತು ನಾನು ಹಿತ್ತಲಿಗೆ ಹೋಗಿ ಅತ್ತೆ. ಆ ಚಿತ್ರ ಅಷ್ಟು ದೊಡ್ಡದಾಗಿರುವುದು ಅದಕ್ಕೇ, ಅದಾದರೂ ನಿನಗೆ ಕಾಣಲಿ ಎಂದು. ಆಸ್ಪತ್ರೆಗೆ ಹೋಗೋಣ ಅಂದರೆ ‘ಬುಡು, ನಾನೇನ್ ಪೇಪರ್ ಓದ್ಬೇಕಾ’ ಎಂದು ಮಾತು ತೇಲಿಸಿಬಿಟ್ಟೆ.

ಪೇಪರ್ ಬೇಡ. ನಾನು ಚಿಕ್ಕವಳಿದ್ದಾಗ ನೀನು ನಾಟಿ ಹಾಕುತ್ತಾ, ಬದುವಿನ ಮೇಲೆ ಕೂತು ಅಳುವ ನನಗೆ ‘ಅಗೋ ಅಕ್ಕಿ ನೋಡು, ನಿನ್ನೇ ನೋಡ್ತಾ ಅದೆ’ ಎಂದು ಬೆಳ್ಳಕ್ಕಿ ತೋರಿಸುತ್ತಿದ್ದೆಯಲ್ಲ, ನಾನು ಇವತ್ತು ಪ್ರಾಣಿಶಾಸ್ತ್ರ ಓದುತ್ತಿರುವುದು ಆ ಬದುವಿನಿಂದ ಎದ್ದು ಬಂದೇ. ತೋರಿಸಿದವಳಿಗೇ ಕಾಣದಿದ್ದರೆ ನನ್ನ ಓದಿನಲ್ಲಿ ಏನು ಖುಷಿ ಹೇಳು. ತಪಾಸಣೆಗೆ ಬರುವ ಕಣ್ಣಿನ ಡಾಕ್ಟರನ್ನು ಮೊದಲೇ ಕೇಳಿಟ್ಟಿದ್ದೇನೆ. ನೋಡದೆ ಏನೂ ಹೇಳಲಾಗದು, ಆದರೆ ಪೊರೆಯಾಗಿದ್ದರೆ ತೆಗೆದುಬಿಡಬಹುದು ಎಂದರು. ಏನೇ ಇದ್ದರೂ ನಾನು ಪಕ್ಕದಲ್ಲೇ ಇರುತ್ತೇನೆ, ನಿನ್ನ ಸೆರಗು ಹಿಡಿದುಕೊಂಡು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಐಶ್ವರ್ಯ ನಿನ್ನನ್ನು ಕರೆತರುತ್ತಾಳೆ, ಅವಳಿಗೆ ಹೇಳಿಯಾಗಿದೆ. ರಾತ್ರಿ ನನ್ನ ಸ್ನೇಹಿತೆ ವಾಣಿಶ್ರೀಯ ಮನೆಯಲ್ಲಿ ಮಲಗೋಣ. ಅವಳ ಅಮ್ಮ ನಿನಗಾಗಿ ಈಗಿನಿಂದಲೇ ಕಾಯುತ್ತಿದ್ದಾರೆ. ಭಾನುವಾರ ಏರಿಯ ಮೇಲೆ ನಿನ್ನ ಪಕ್ಕ ನಿಂತು ನಾನೇ ಮುಚ್ಚಳ ತೆಗೆದು ಕೊಡುತ್ತೇನೆ. ಕಂಡರೆ ಕಂಡಿತು ಅನ್ನು. ಕಾಣದಿದ್ದರೆ ಮಾತ್ರ ಯಾರಿಗೂ ಬೇಜಾರಾಗದಿರಲಿ ಎಂದು ‘ಚೆನ್ನಾಗವೆ’ ಅನ್ನಬೇಡ. ‘ಕಾಣಾಕಿಲ್ಲ ಕಣ್ ಮಗ’ ಅನ್ನು. ಅಷ್ಟು ಹೇಳಿದರೆ ಸಾಕು, ಮಿಕ್ಕದ್ದು ನನಗೆ ಬಿಡು. ಮುಂದಿನ ವರ್ಷ ಬೆಳ್ಳಕ್ಕಿಯನ್ನು ನೀನೇ ನನಗೆ ತೋರಿಸುವೆಯಂತೆ.

ನೀನು ನೂರು ಕಾಲ ನೋಡುತ್ತಾ ಬಾಳು ದೊಡ್ಡವ್ವ. ಬರುವಾಗ ಅಕ್ಕಿ ಮರೆಯಬೇಡ. ಈ ಸಲ ನಿಜವಾಗಿಯೂ ಅಕ್ಕಿಯೇ.

ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ದಾರಿ ಕಾಯುವ,
ನಿನ್ನ ಮಗಳು ಮಧು