ಮೂವರಲ್ಲಿ ಒಬ್ಬ ಕೋಚ್

ಲಾಂಡ್ರಿಯ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಈಗ ಹೇಗಿದೆ? ಭಾರ ಎತ್ತಬೇಡ ಎಂದರೆ ಕೇಳುವವನಲ್ಲ ನೀನು. ಆ ಗೋದಾಮಿನಲ್ಲಿ ತೋಳಿರುವುದು ನಿನ್ನೊಬ್ಬನಿಗೇ ಅಲ್ಲ. ನಾನೂ ಅತ್ತಿಗೆಯೂ ಚೆನ್ನಾಗಿದ್ದೇವೆ, ಅಂದರೆ ಪತ್ರದಲ್ಲಿ ಬರೆಯುವಷ್ಟು ಚೆನ್ನಾಗಿದ್ದೇವೆ.

ನಾವಿಬ್ಬರೂ ದುಡಿಯುವ ಇಸ್ತ್ರಿ ವಿಭಾಗಕ್ಕೆ ನನ್ನನ್ನು ಮೇಲ್ವಿಚಾರಕಿ ಮಾಡಿದರಲ್ಲ, ಜೊತೆಗೊಂದು ಪೀಡೆಯನ್ನೂ ಅಂಟಿಸಿದ್ದಾರೆ. ಜನರಿಂದ ಕೆಲಸ ತೆಗೆಯುವುದನ್ನು ಕಲಿಸಿ ನನ್ನನ್ನು ತಿದ್ದಲು ಒಬ್ಬ ಕೋಚ್ ಬೇಕಂತೆ. ಯಜಮಾನರು ಮೂವರನ್ನು ಕಳಿಸಿ, ರುಚಿ ನೋಡಿ ಒಬ್ಬರನ್ನು ಆರಿಸಿಕೋ ಎಂದರು. ನೋಡಿದೆ. ಬಾಯೆಲ್ಲ ಕಹಿಯಾಗಿದೆ. ಮೊದಲನೆಯವನು ಗದರುವವನು. ಬಂದವನೇ ಮೇಜು ಕುಟ್ಟಿ, "ಹೆದರಿಸದೆ ಯಾರೂ ಕೆಲಸ ಮಾಡಲ್ಲ, ತಿಳ್ಕೊಳ್ಳಿ" ಎಂದ. ನಾನು ಬಾಯಿ ತೆರೆಯುವುದರೊಳಗೆ ಪಾಠ ಮುಗಿಸಿ, ಚಹಾ ಕುಡಿದು ಹೊರಟೇಹೋದ. ಎರಡನೆಯವಳು ಹೊಗಳುವವಳು. ದಿಂಬಿನ ಕವರ್ ಮಡಿಸಿದ್ದಕ್ಕೂ ಕಣ್ಣರಳಿಸಿ "ಅದ್ಭುತ" ಎನ್ನುತ್ತಾಳೆ. ಅವಳೆದುರು ಸೀನಲೂ ಹೆದರಿಕೆ, ಅದಕ್ಕೂ ಚಪ್ಪಾಳೆ ತಟ್ಟಿಯಾಳು.

ಮೂರನೆಯವನದು ಬರೀ ಪ್ರಶ್ನೆ. ಉತ್ತರವೆಲ್ಲ ನಮ್ಮೊಳಗೇ ಇರುತ್ತದಂತೆ. ಉಗಿಯ ಪೈಪು ಸೋರುತ್ತಿದೆ ಎಂದರೆ, "ಅದು ಸೋರೋವಾಗ ನಿಮಗೆ ಒಳಗೆ ಏನನ್ಸುತ್ತೆ?" ಎಂದ. ನಗಬೇಡ. ಅವನ ದನಿ ಅಷ್ಟು ಮೆತ್ತಗಿತ್ತು, ನಾನೂ ಮೆತ್ತಗಾದೆ. ಅತ್ತಿಗೆಯ ಮಣಿಕಟ್ಟು ಊದಿಕೊಂಡಿದೆ, ಅವರ ಪಾಲಿನ ಹಾಸುಬಟ್ಟೆಗಳನ್ನೂ ಸದ್ದಿಲ್ಲದೆ ನಾನೇ ಮುಗಿಸುತ್ತಿದ್ದೇನೆ ಎಂದುಬಿಟ್ಟೆ. "ಇದು ನಮ್ಮಿಬ್ಬರಲ್ಲೇ ಇರುತ್ತೆ" ಎಂದು ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಯಜಮಾನರು ಅತ್ತಿಗೆಯನ್ನು ಕರೆದು, ಎಲ್ಲರೆದುರು ಕೈ ಚಾಚಿಸಿ, ಸಂತೆಯಲ್ಲಿ ದನ ನೋಡುವಂತೆ ತಿರುವಿ ಮುರುವಿ ನೋಡಿದರು. ಆ ಪ್ರಶ್ನೆಯವನ ಮೆತ್ತಗಿನ ಮುಖ ಕಂಡರೆ ಉಗುಳಬೇಕೆನಿಸುತ್ತದೆ.

ಕೊನೆಗೆ ಗದರುವವನನ್ನೇ ಆರಿಸಿದೆ. ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಯಜಮಾನರ ಕಿವಿಯಲ್ಲಿ ಊದಲು ಅವನ ಹತ್ತಿರ ಏನೂ ಇರುವುದಿಲ್ಲ.

ಹೊತ್ತುಹೊತ್ತಿಗೆ ಉಣ್ಣು, ಮೈ ಜೋಪಾನ.

ನಿನ್ನ ತಂಗಿ

ವಿ.ಸೂ.: ಊಟದ ಬಿಡುವು ಮುಗಿಯಿತು, ಬೇಗಬೇಗ ಬರೆಯುತ್ತಿದ್ದೇನೆ. ಅತ್ತಿಗೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಯಜಮಾನರು ನಾಳೆ ಹೇಳುತ್ತಾರೆ. ತನ್ನ ಕೈಯ ವಿಷಯ ಯಾರು ಹೇಳಿರಬಹುದು ಎಂದು ಅತ್ತಿಗೆ ನನ್ನನ್ನೇ ಕೇಳುತ್ತಾರೆ, ನನ್ನ ಹೆಗಲಿಗೆ ತಲೆಯಿಟ್ಟು. ಬಾಯಿಬಿಟ್ಟವಳು ನಾನೇ ಎಂದು ಇವತ್ತು ಸಂಜೆ ಹೇಳಿಬಿಡುತ್ತೇನೆ. ಅವರನ್ನು ತೆಗೆದರೆ ನಾನೂ ಕೆಲಸ ಬಿಟ್ಟು ಅವರ ಹಿಂದೆಯೇ ಹೊರಡುತ್ತೇನೆ. ಆಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರೆ, ನೀನು ಅವರ ಪರವೇ ನಿಲ್ಲು.