ಪಿನ್ನು ಚುಚ್ಚಿ ಕಳಿಸಿದ ಚೀಟಿ

ಜೂನ್ 6

ಮೆಣಸಿನ ಸ್ಕೂಲ್ ಬ್ಯಾಗು ಮಗುಚಿ ನೋಡಿದೆ. ದಿನಾ ನೋಡುತ್ತೇನೆ. ಅರ್ಧ ರಬ್ಬರು, ಯಾರದೋ ಡಬ್ಬಿಯ ಮುಚ್ಚಳ, ಒದ್ದೆ ಕಾಲುಚೀಲ — ಒಂದೇ. ಇನ್ನೊಂದು ಎಲ್ಲಿ ಎಂದರೆ, "ಅದು ಸ್ಕೂಲಲ್ಲೇ ಇರ್ತೀನಿ ಅಂತು ಅಜ್ಜಿ." ಮೊಮ್ಮಗಳಿಗೆ ಆರು ವರ್ಷ. ಗಾತ್ರ ಮೆಣಸಿನ ಕಾಳು, ಬಾಯಿ ಅದರ ಖಾರ; ಅದಕ್ಕೇ ನನಗವಳು ಮೆಣಸು.

ಒಂದನೇ ಕ್ಲಾಸು ಶುರುವಾಗಿ ಐದು ದಿನ. ಸ್ಕೂಲಿನಿಂದ ಒಂದು ಹಾಳೆ ಬಂದಿದೆ — ಈ ವರ್ಷ ಪೋಷಕರು ಏನೇನು ನಿರೀಕ್ಷಿಸಬಹುದು ಎಂದು. ಮಗಳು ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಮಗು ಸಂಜೆ ದಣಿಯುತ್ತದೆ. ಕಾರಣವಿಲ್ಲದೆ ಅಳುತ್ತದೆ. ಹಲ್ಲು ಬೀಳುತ್ತದೆ. ವರ್ಷದ ಕೊನೆಗೆ ಚಿಕ್ಕ ಪುಸ್ತಕ ತಾನೇ ಓದುತ್ತದೆ. ಹಲ್ಲು ಬೀಳುವುದನ್ನೂ ಇವರೇ ಹೇಳಿಕೊಡಬೇಕಾ? ಇಷ್ಟು ಮುಂಚೆ ಹೇಳುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ. "ಒಗೆದರೆ ಸ್ವಲ್ಪ ಕುಗ್ಗುತ್ತೆ" ಎಂದು ನಾನೂ ನನ್ನ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳಿಗೆ ಮೊದಲೇ ಹೇಳುತ್ತಿದ್ದೆ — ಅಳತೆ ತಪ್ಪಿದ ದಿನ.

ಜೂನ್ 19

ಸಂಜೆ ಬಂದವಳು ಬೂಟಿನಲ್ಲೇ ಮಲಗಿಬಿಟ್ಟಳು. ಹಾಳೆಯಲ್ಲಿ ಬರೆದ ಹಾಗೆಯೇ. ಅದಕ್ಕೇ ಇನ್ನಷ್ಟು ಅನುಮಾನ.

ಗೇಟಿನಲ್ಲಿ ಟೀಚರನ್ನು ನೋಡಿದೆ. ಚಿಕ್ಕ ಹುಡುಗಿ, ದೊಡ್ಡ ಕನ್ನಡಕ. ಎಲ್ಲರಿಗೂ ನಗುತ್ತಾಳೆ. ಎಲ್ಲರಿಗೂ ನಗುವವರನ್ನು ನಾನು ನಂಬುವುದಿಲ್ಲ. ಅಂಗಿಯ ತೋಳು ಮಾತ್ರ ಚೆನ್ನಾಗಿ ಕೂತಿತ್ತು. ಯಾರು ಹೊಲಿದರೋ.

ಜುಲೈ 11

ಬ್ಯಾಗಿನಲ್ಲಿ ಚೀಟಿ. "ಮಗುವಿನ ಓದಿನ ವಿಷಯ ಮಾತನಾಡಬೇಕಿದೆ. ದಯವಿಟ್ಟು ಪೋಷಕರು ಬಂದು ಭೇಟಿಯಾಗಿ."

ಎರಡು ಸಲ ಓದಿದೆ.

ನಮ್ಮಮ್ಮನಿಗೂ ಇಂಥದೇ ಚೀಟಿ ಬಂದಿತ್ತು. ನಾನಾಗ ಎರಡನೇ ಕ್ಲಾಸು. ಅಮ್ಮ ಹೋದಳು, ಬಂದಳು, ಮುಖ ತೊಳೆದಳು. "ನಿನ್ನ ತಲೇಗೆ ಹತ್ತಲ್ವಂತೆ" ಅಂದಳು. ಅಷ್ಟೇ. ಮರುದಿನದಿಂದ ದರ್ಜಿ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ. ಓದು ಕಲಿತದ್ದು ಇಪ್ಪತ್ತೆಂಟಕ್ಕೆ, ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರು ಬರೆಯಲೇಬೇಕಾಗಿ ಬಂದಾಗ.

ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ ಏಳಕ್ಕೆ ಬಂದಳು.

"ಬ್ಯಾಗಲ್ಲಿ ಏನಾದ್ರೂ ಇತ್ತೇನಮ್ಮ?"

"ಏನಿರುತ್ತೆ. ಕಸ."

ಚೀಟಿ ಹೊಲಿಗೆ ಮಶೀನಿನ ಡ್ರಾಯರಿಗೆ ಹೋಯಿತು. ಮೆಣಸನ್ನು ಯಾರೂ ಸ್ಕೂಲು ಬಿಡಿಸಕೂಡದು. ನನ್ನ ಹೆಣ ಬಿದ್ದಮೇಲೆ ನೋಡೋಣ.

ಜುಲೈ 24

ಇನ್ನೊಂದು ಚೀಟಿ. ಈ ಸಲ ಕಾಲರಿಗೆ ಪಿನ್ನು ಚುಚ್ಚಿ ಕಳಿಸಿದ್ದಾಳೆ! ನಾನೇ ಹೊಲಿದ ಕಾಲರು. ಎರಡು ತೂತು. ಮನುಷ್ಯರಾ ಇವರು?

"ಚೀಟಿ ಕಳೆದುಹೋಗ್ಬಾರ್ದು ಅಂತೆ ಅಜ್ಜಿ."

"ಮೈಗೆ ಚೀಟಿ ಚುಚ್ಚೋಕೆ ನೀನೇನು ಮಾರಾಟದ ದನಾನಾ?"

"ದನಕ್ಕೆ ಕಿವಿಗೆ ಚುಚ್ಚೋದು."

ಪಿನ್ನು ಡಬ್ಬಿಗೆ. ಚೀಟಿ ಡ್ರಾಯರಿಗೆ.

ಆಗಸ್ಟ್ 2

ಆ ಕನ್ನಡಕದ ಟೀಚರದ್ದು ಸುಳ್ಳು ಎಂದು ಇವತ್ತು ಖಾತ್ರಿಯಾಯಿತು. ಮೆಣಸನ್ನು ಕೂರಿಸಿ ಸ್ಕೂಲಿನಲ್ಲಿ ಕೊಟ್ಟ ಬಾತುಕೋಳಿ ಪುಸ್ತಕ ಓದಿಸಿದೆ. ಗಡಗಡ ಓದಿದಳು. ಒಂದು ಕಡೆಯೂ ನಿಲ್ಲಲಿಲ್ಲ. ಇಂಥ ಮಗುವಿನ ಮೇಲೆ ದೂರು! ಯಾರದೋ ಮಗುವಿಗೆ ಜಾಗ ಮಾಡಿಕೊಡಲು ಇವಳನ್ನು ಸಾಗಹಾಕುವ ಹುನ್ನಾರ, ಇನ್ನೇನು.

ಮಗಳ ಮುಂದೆಯೂ ಓದಿಸಿದೆ. ಅವಳ ಕಣ್ಣು ತುಂಬಿತು. ಅಳಿಯನಿಗೆ ಫೋನು ಮಾಡಿ ಕೇಳಿಸಿದಳು. ಪಾಪ, ಲಾರಿ ಪಕ್ಕಕ್ಕೆ ನಿಲ್ಲಿಸಿ ಕೇಳಿದನಂತೆ.

ಆಗಸ್ಟ್ 9

ಮೂರನೆಯದು. "ಶುಕ್ರವಾರದೊಳಗೆ ತಪ್ಪದೆ ಬನ್ನಿ." ತಪ್ಪದೆ ಎನ್ನುವುದರ ಕೆಳಗೆ ಗೆರೆ. ನನಗೆ ಗೆರೆ ಎಳೆದು ತೋರಿಸುತ್ತಾಳೆ!

ಡ್ರಾಯರು.

ಆಗಸ್ಟ್ 30

ಮೂರು ವಾರ ಬರೆದಿಲ್ಲ. ಚೀಟಿಯೂ ಬಂದಿಲ್ಲ. ಬರುವುದು ನಿಂತ ಮೇಲೆಯೇ ಹೆಚ್ಚು ಕೊರೆಯಿತು.

ಸಂಜೆ ಮೆಣಸು ಮತ್ತೆ ಬಾತುಕೋಳಿ ಓದುತ್ತಿದ್ದಳು. ಪುಟ ತಿರುವುವುದು ನನ್ನ ಕೆಲಸ. ಬೆರಳು ಒದ್ದೆಯಿತ್ತು, ಎರಡು ಹಾಳೆ ಒಟ್ಟಿಗೆ ಅಂಟಿ ಬಂದವು. ಅವಳು ನಿಲ್ಲಲೇ ಇಲ್ಲ. "ಕಪ್ಪೆ ಕೇಳಿತು, ಎಲ್ಲಿಗೆ ಹೊರಟೆ ಬಾತಣ್ಣ..." ತೆರೆದಿದ್ದ ಪುಟದಲ್ಲಿ ಕಪ್ಪೆ ಇರಲಿಲ್ಲ. ಕಪ್ಪೆ ಅಂಟಿದ ಹಾಳೆಯೊಳಗಿತ್ತು. ಮೆಣಸಿನ ಕಣ್ಣು ಪುಸ್ತಕದ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು.

ಒಂದು ಅಕ್ಷರದ ಮೇಲೆ ಬೆರಳಿಟ್ಟೆ. ಮತ್ತೆ ನನ್ನ ಮುಖ ನೋಡಿದಳು. ಇನ್ನೊಂದು. ತುಟಿ ಕಚ್ಚಿದಳು.

"ಬಾಯಿಪಾಠ ಯಾರು ಹೇಳಿಕೊಟ್ರು?"

"ಕ್ಲಾಸಲ್ಲಿ ಪಕ್ಕದವಳು ಓದ್ತಾಳಲ್ಲ... ಕೇಳಿಸ್ಕೊಂಡೆ."

"ಬರಲ್ಲ ಅಂತ ಹೇಳೋಕೇನು ರೋಗ ನಿಂಗೆ?"

"ಬರಲ್ಲ ಅಂದ್ರೆ ಅಮ್ಮನ್ನ ಕರೀತಾರೆ. ಆಮೇಲೆ ಗುಂಡಿ ಹಚ್ಚೋಕೆ ಕಳಿಸ್ತಾರೆ. ನೀನೇ ಹೇಳಿದ್ದಲ್ಲ."

ಹೇಳಿದ್ದೆ. ಒಂದು ಸಲವಲ್ಲ. ಬೆಳಿಗ್ಗೆ ಏಳದಿದ್ದರೆ ಹೇಳಿದ್ದೆ, ತಟ್ಟೆಯಲ್ಲಿ ಬಿಟ್ಟರೆ ಹೇಳಿದ್ದೆ, ಸುಮ್ಮನೆ ಹೊತ್ತು ಹೋಗದಿದ್ದಾಗಲೂ ಹೇಳಿದ್ದೆ.

ಹೊಲಿಗೆ ತೀರ ನೇರವಾಗಿದ್ದರೆ ಒಳಮೈ ತಿರುವಿ ನೋಡಿ ಎಂದು ಅಂಗಡಿಯ ಹುಡುಗಿಯರಿಗೆ ಬಡಿದುಕೊಳ್ಳುತ್ತಿದ್ದವಳು ನಾನು. ಥೂ.

ಆಗಸ್ಟ್ 31

ಬೆಳಿಗ್ಗೆ ಸ್ಕೂಲಿಗೆ ನಾನೇ ಹೋದೆ. ಮೊದಲೇ ಬಾಯಿ ಮಾಡಬೇಕು ಎಂದುಕೊಂಡು ಹೋದೆ. ಟೀಚರು ಕೂರಲು ಮಕ್ಕಳ ಕುರ್ಚಿ ಕೊಟ್ಟಳು. ಮೊಣಕಾಲು ಗಲ್ಲಕ್ಕೆ ಬಂತು. ಹಾಗೆ ಕೂತು ಜಗಳವಾಡುವುದು ಕಷ್ಟ.

"ಕಿತ್ತುಹಾಕೋದಾದ್ರೆ ಮುಖಕ್ಕೆ ಹೇಳ್ಬಿಡಮ್ಮ."

"ಯಾರನ್ನ ಕಿತ್ತುಹಾಕೋದು ಅಜ್ಜಿ?" ಕನ್ನಡಕ ತೆಗೆದು ಒರೆಸಿದಳು. "ಓದು ಕಷ್ಟ ಆಗೋ ಮಕ್ಕಳಿಗೆ ಅಂತ ಒಂದು ಸಣ್ಣ ಗುಂಪು ಮಾಡಿದೀವಿ. ದಿನಾ ಮಧ್ಯಾಹ್ನ ಒಂದು ಗಂಟೆ. ಆರೇ ಮಕ್ಕಳು. ನಿಮ್ಮ ಮೊಮ್ಮಗಳ ಹೆಸರೇ ಮೊದಲು ಬರೆದಿದ್ದೆ. ಅಪ್ಪ ಅಮ್ಮನ ಒಪ್ಪಿಗೆ ಬೇಕಿತ್ತು. ಮೂರು ಸಲ ಕರೆದೆ, ಯಾರೂ ಬರ್ಲಿಲ್ಲ."

"ಈಗ?"

"ತುಂಬಿಹೋಯ್ತು. ಎರಡು ವಾರದಿಂದ ನಡೀತಿದೆ."

"ಇನ್ನೊಂದು ಕುರ್ಚಿ ಹಾಕೋಕೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

ನಕ್ಕಳು. ನನಗೆ ಬೈಯುವುದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ತಿಳಿಯಿತೇನೋ.

"ಒಂದು ಮಗು ಬೇರೆ ಸ್ಕೂಲಿಗೆ ಹೋಗ್ತಿದೆ. ಆ ಜಾಗ ನಾಳೆವರೆಗೆ ಹಿಡಿದಿಡ್ತೀನಿ. ಬೇರೆಯವ್ರೂ ಕಾಯ್ತಿದಾರೆ. ಆದ್ರೆ ಅವಳಮ್ಮನೇ ಬಂದು ಸಹಿ ಮಾಡ್ಬೇಕು. ಅಂದ ಹಾಗೆ ನನ್ನ ಚೀಟಿಗಳು ಅವರ ಕೈ ಸೇರಿದ್ವಾ?"

ಕಳೆದುಹೋದವು ಎನ್ನಬಹುದಿತ್ತು. ತಪ್ಪು ಮೆಣಸಿನ ಮೇಲೆ ಬೀಳುತ್ತಿತ್ತು.

"ಇಲ್ಲ. ನನ್ನ ಹತ್ರ ಇದಾವೆ."

ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದಿಷ್ಟು ಕೂಗಾಡಿ ಹಗುರಾಗಿಬಿಡುತ್ತಿದ್ದೆ.

ಅದೇ ದಿನ, ಸಂಜೆ 6:40

ಡ್ರಾಯರು ಖಾಲಿ ಮಾಡಿದೆ. ಮೂರೂ ಚೀಟಿ, ಮಗಳು ಬಂದ ಕೂಡಲೇ ಕಾಣುವ ಹಾಗೆ, ಊಟದ ಮೇಜಿನ ಮೇಲಿವೆ. ಹಾರದಂತೆ ಕತ್ತರಿ ಇಟ್ಟಿದ್ದೇನೆ.

ಮೆಣಸಿಗೆ ಹೇಳಿದೆ, "ಇವತ್ತು ಬೈಸಿಕೊಳ್ಳೋದು ನೀನಲ್ಲ, ನಾನು."

"ನಿನ್ನನ್ನ ಮನೆಯಿಂದ ಬಿಡಿಸ್ತಾರಾ ಅಜ್ಜಿ?"

"ಬಿಡಿಸ್ಲಿ. ನಿನ್ನನ್ನ ಸ್ಕೂಲಿಂದ ಬಿಡಿಸಲ್ಲ. ಟೀಚರೇ ಹೇಳಿದ್ಲು."

"ದೇವರಾಣೆ?"

"ಪಿನ್ನಾಣೆ."

ನಗಲಿಲ್ಲ. ನಂಬಿಕೆ ಬಂದಿಲ್ಲ. ಮೂರು ತಿಂಗಳು ನಾನೇ ಕಲಿಸಿದ ಪಾಠ, ಒಂದು ಸಂಜೆಗೆ ಹೋಗುತ್ತಾ?

7:15

ಬಂದಳು. ಚಪ್ಪಲಿ ಬಿಚ್ಚಿಲ್ಲ. ಚೀಲ ಹೆಗಲಲ್ಲೇ ಇದೆ. ನಾನು ಮಶೀನಿನ ಮುಂದೆ ಕೂತು ಏನೋ ದೊಡ್ಡ ಕೆಲಸವಿರುವವಳ ಹಾಗೆ ಬರೆಯುತ್ತಿದ್ದೇನೆ. ಮೊದಲನೆಯದು ಓದಿದಳು. ಎರಡನೆಯದು. ಈಗ ಮೂರನ್ನೂ ಸಾಲಾಗಿ ಜೋಡಿಸುತ್ತಿದ್ದಾಳೆ.

"ಅಮ್ಮಾ... ಈ ತಾರೀಖು ಜುಲೈದು."

ಮೆಣಸು ಬಂದು ನನ್ನ ಕುರ್ಚಿಗೆ ಆತುಕೊಂಡಿದ್ದಾಳೆ.

"ಪೆನ್ನು ಕೆಳಗಿಡಮ್ಮ. ನನ್ನ ನೋಡು."

ಇಡುತ್ತೇನೆ. ಇದೊಂದು ಸಾಲು ಮುಗಿಸಿ—